ಮಗುವನ್ನು ಯಾರ ಮಡಿಲಲ್ಲಿ ಬಿಟ್ಟು ಬರಬೇಕು?

ಬೆಳಗಿನ ಒಂಭತ್ತರ ಸುಮಾರಿಗೆ ಬೆಂಗಳೂರಿನ ಉಪ್ಪಾರಪೇಟೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಬೇಕು. ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಇಳಿದ ಮಹಿಳೆಯರು ಬಳೇಪೇಟೆ, ಚಿಕ್ಕಪೇಟೆ, ಕಾಟನ್‌ಪೇಟೆಗಳ ಕಡೆಗೆ ಧಾವಿಸುತ್ತಿರುತ್ತಾರೆ. ಸೀರೆ ಅಂಗಡಿಗಳಲ್ಲಿ ದಿನವಿಡೀ ನಿಂತು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವವರು, ವಸತಿಗೃಹಗಳಲ್ಲಿ ಹಾಸಿಗೆಯ ಹೊದಿಕೆ ಬದಲಿಸುವವರು, ಹೋಟೆಲುಗಳ ಹಿಂಬದಿಯಲ್ಲಿ ಪಾತ್ರೆ ತೊಳೆಯುವವರು, ಮಹಡಿಯ ಮೇಲಿನ ಪುಟ್ಟ ಕೋಣೆಗಳಲ್ಲಿ ಹೊಲಿಗೆ ಯಂತ್ರ ತುಳಿಯುವವರು. ಬುರ್ಖಾ ಧರಿಸಿದವರೂ ಇದ್ದಾರೆ, ಹಣೆಗೆ ಕುಂಕುಮವಿಟ್ಟವರೂ ಇದ್ದಾರೆ. ಹೆಚ್ಚಿನವರು ಇಪ್ಪತ್ತು ಮೂವತ್ತರ ಪ್ರಾಯದವರು, ಅಂದರೆ ಮನೆಯಲ್ಲಿ ಹಸುಗೂಸು ಇರಬಹುದಾದ ಪ್ರಾಯದವರು. ಅವರ ಕೈಯಲ್ಲಿ ಬುತ್ತಿಯಿದೆ, ಮಗುವಿಲ್ಲ. ಆ ಮಗು ಈ ಹೊತ್ತಿನಲ್ಲಿ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಕೆಲಸಕ್ಕಿಟ್ಟುಕೊಂಡ ಮಾಲಕನೂ ಕೇಳುವುದಿಲ್ಲ, ಬಸ್ಸಿನಲ್ಲಿ ಉಚಿತವಾಗಿ ಕರೆತಂದ ಸರಕಾರವೂ ಕೇಳುವುದಿಲ್ಲ. ಅವರು ಹಾದುಬರುವ ದಾರಿಯಲ್ಲಿರುವ ನಮ್ಮ ಮಸೀದಿಗಳ ಆಡಳಿತ ಸಮಿತಿಗಳೂ ಕೇಳಿದ್ದನ್ನು ನಾವು ಕಂಡಿಲ್ಲ.

ಬಡವರು ಮಕ್ಕಳನ್ನು ನೋಡಿಕೊಳ್ಳಲು ಖರ್ಚು ಮಾಡುವುದಿಲ್ಲ, ಅದೇನಿದ್ದರೂ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ದುಡಿಯುವ ದಂಪತಿಗಳ ಸಮಸ್ಯೆ ಎಂಬ ತಪ್ಪು ಕಲ್ಪನೆಯೊಂದು ನಮ್ಮಲ್ಲಿದೆ. ವಾಸ್ತವದಲ್ಲಿ ಬಡವರು ಅದಕ್ಕಾಗಿ ತೆರುವ ಬೆಲೆ ಶ್ರೀಮಂತರಿಗಿಂತ ಹೆಚ್ಚು. ಆದರೆ ಅದನ್ನು ಹಣದ ರೂಪದಲ್ಲಿ ತೆರುವುದಿಲ್ಲವಾದ್ದರಿಂದ ಯಾವ ಲೆಕ್ಕಪುಸ್ತಕದಲ್ಲೂ ಅದು ಬರುವುದಿಲ್ಲ. ಹನ್ನೊಂದು ಹನ್ನೆರಡು ವರ್ಷದ ಅಕ್ಕ ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿ ಉಳಿಯುತ್ತಾಳೆ. 2010ರ ಎಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆಕೆ ತರಗತಿಯಲ್ಲಿರಬೇಕಾದವಳು. ಶಾಲೆಯ ದಾಖಲೆ ಪುಸ್ತಕದಲ್ಲಿ ಆಕೆಯ ಹೆಸರಿದೆ, ಬೆಂಚಿನಲ್ಲಿ ಆಕೆಯಿಲ್ಲ. ಇನ್ನೊಂದು ಮನೆಯಲ್ಲಿ ಮಂಡಿನೋವಿನ ಅಜ್ಜಿ, ಮತ್ತೊಂದು ಮನೆಯಲ್ಲಿ ಪಕ್ಕದ ಮನೆಯಾಕೆಗೆ ಕೈಗಿತ್ತ ನೂರಿನ್ನೂರು ರೂಪಾಯಿ ಮತ್ತು ಸದಾ ಹೊರಬೇಕಾದ ಋಣ. ಯಾರೂ ಇಲ್ಲದಿದ್ದರೆ ತಾಯಿ ಕೆಲಸ ಬಿಡುತ್ತಾಳೆ. ಆಗ ಕಳೆದುಕೊಂಡ ಸಂಬಳವೇ ಶಿಶುಪಾಲನೆಯ ವೆಚ್ಚವಾಗುತ್ತದೆ.

ಹಣ ಕೊಟ್ಟು ಮಗುವನ್ನು ಬಿಡುವುದಾದರೂ ಲೆಕ್ಕ ಕೂಡಿಬರುವುದಿಲ್ಲ. ತಿಂಗಳಿಗೆ ಹನ್ನೆರಡು ಸಾವಿರ ದುಡಿಯುವ ತಾಯಿಯೊಬ್ಬಳು ಖಾಸಗಿ ಡೇ ಕೇರ್‌ಗೆ ಎಂಟು ಸಾವಿರ ಕೊಟ್ಟರೆ ಉಳಿಯುವುದು ನಾಲ್ಕು ಸಾವಿರ. ಎರಡು ಮಕ್ಕಳಿದ್ದರೆ ಕೈಯಿಂದಲೇ ನಾಲ್ಕು ಸಾವಿರ ತುಂಬಬೇಕು. ಇದನ್ನು ಕಂಡು ಮನೆಯವರು, "ನಿನ್ನ ಸಂಬಳದಿಂದ ಏನು ಬಂತು? ಮನೆಯಲ್ಲೇ ಇರು" ಅನ್ನುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಡೇ ಕೇರ್‌ನ ಶುಲ್ಕವನ್ನು ಯಾವಾಗಲೂ ತಾಯಿಯ ಸಂಬಳದಿಂದಲೇ ಕಳೆಯಲಾಗುತ್ತದೆ. ತಂದೆಯ ಸಂಬಳದಿಂದ ಕಳೆದು ನೋಡಿದವರಿಲ್ಲ. ಮಗು ಇಬ್ಬರದೂ ಹೌದಾದರೆ ಖರ್ಚು ಒಬ್ಬಳದೇ ಏಕಾಗಬೇಕು?

ನಮ್ಮ ಸಮುದಾಯದ ಮಟ್ಟಿಗೆ ಈ ಪ್ರಶ್ನೆಗೆ ಇನ್ನೂ ಒಂದು ಮುಖವಿದೆ. 2006ರ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಸಾಚಾರ್ ಸಮಿತಿಯ ವರದಿಯನ್ನು ನಾವು ಮೀಸಲಾತಿ, ಬ್ಯಾಂಕ್ ಸಾಲ, ಸರಕಾರಿ ಉದ್ಯೋಗಗಳ ಕುರಿತಾಗಿ ನೂರಾರು ಬಾರಿ ಉಲ್ಲೇಖಿಸಿದ್ದೇವೆ. ಅದೇ ವರದಿಯಲ್ಲಿರುವ ಇನ್ನೊಂದು ಅಂಕಿಯ ಮೇಲೆ ನಮ್ಮ ವೇದಿಕೆಗಳಲ್ಲಿ ಚರ್ಚೆಯಾದದ್ದು ಕಡಿಮೆ. ದುಡಿಯುವ ಮುಸ್ಲಿಂ ಮಹಿಳೆಯರಲ್ಲಿ ಶೇಕಡಾ 70ರಷ್ಟು ಮಂದಿ ಸ್ವಂತ ಮನೆಯೊಳಗೇ ದುಡಿಯುತ್ತಾರೆ. ಎಲ್ಲ ಸಮುದಾಯಗಳ ದುಡಿಯುವ ಮಹಿಳೆಯರನ್ನು ಒಟ್ಟಾಗಿ ತೆಗೆದುಕೊಂಡರೆ ಈ ಪ್ರಮಾಣ ಶೇಕಡಾ 51. ಇದನ್ನು ಕಂಡ ಹೊರಗಿನವರು ಪರ್ದಾದ ಪರಿಣಾಮವೆಂದರು. ನಮ್ಮಲ್ಲಿ ಕೆಲವರು ಅದನ್ನೇ ಹೆಮ್ಮೆಯಿಂದ ಒಪ್ಪಿಕೊಂಡರು. ಗೋರಿಪಾಳ್ಯದ, ಪಾದರಾಯನಪುರದ ಇಕ್ಕಟ್ಟಾದ ಮನೆಗಳಲ್ಲಿ ಊದುಬತ್ತಿ ಹೊಸೆಯುವ ತಾಯಂದಿರನ್ನು ಇಬ್ಬರೂ ಕೇಳಲಿಲ್ಲ. ಕೇಳಿದ್ದರೆ, ತೊಟ್ಟಿಲಲ್ಲಿರುವ ಮಗುವನ್ನು ಬಿಟ್ಟು ಹೋಗಲು ಜಾಗವಿಲ್ಲ ಎಂಬ ಸರಳ ಉತ್ತರ ಅವರಲ್ಲಿ ಹಲವರಿಂದ ಬರುತ್ತಿತ್ತು.

ಮನೆಯೊಳಗಿನ ದುಡಿಮೆ ಎಂದರೆ ಏನು? ಇದ್ದಿಲ ಪುಡಿ ಮತ್ತು ಜಿಗಟಿನ ಪುಡಿ ಕಲಸಿದ ಹಿಟ್ಟನ್ನು ಮಣೆಯ ಮೇಲೆ ಕಡ್ಡಿಗೆ ಸುತ್ತಬೇಕು. ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ಮಗು ಅತ್ತಾಗ ಕೈತೊಳೆದು ಎತ್ತಿಕೊಳ್ಳಬೇಕು. ಮತ್ತೆ ಕುಳಿತಾಗ ಹಿಟ್ಟು ಒಣಗಿರುತ್ತದೆ. ಮಗು ತೆವಳುವ ನೆಲದ ಮೇಲೆಯೇ ಕರಿಯ ಪುಡಿ, ಅದು ಉಸಿರಾಡುವ ಗಾಳಿಯಲ್ಲೂ ಅದೇ. ಇತ್ತೀಚೆಗೆ ಯಂತ್ರಗಳು ಬಂದು ಕೈಯಿಂದ ಹೊಸೆಯುವ ಕೆಲಸವೂ ಕ್ಷೀಣಿಸಿದೆ. ಕರಾವಳಿಯ ಓದುಗರಿಗೆ ಬೀಡಿಯ ಸೂಪು ಮಡಿಲಲ್ಲಿಟ್ಟುಕೊಂಡು ಮಗುವಿಗೆ ಹಾಲೂಡಿಸುವ ತಾಯಂದಿರನ್ನು ನೆನಪಿಸಿದರೆ ಸಾಕು, ಹೆಚ್ಚಿನ ವಿವರಣೆ ಬೇಕಾಗದು. ಪರ್ದಾ ಮಹಿಳೆಯ ಆಯ್ಕೆಯಾಗಿದ್ದಾಗ ಅದಕ್ಕೆ ಗೌರವವಿದೆ. ಮಗುವನ್ನು ಬಿಡಲು ಜಾಗವಿಲ್ಲದ ಅಸಹಾಯಕತೆಗೆ ಪರ್ದಾದ ಹೆಸರಿಡುವುದು ಪರ್ದಾಕ್ಕೂ ಗೌರವವಲ್ಲ, ಆ ತಾಯಿಗೂ ಗೌರವವಲ್ಲ.

ಕಾನೂನು ಏನು ಹೇಳುತ್ತದೆ? ಉಪ್ಪಾರಪೇಟೆಯಿಂದ ನಡೆದೇ ತಲುಪಬಹುದಾದ ದೂರದಲ್ಲಿ ಒಂದು ಕಾಲಕ್ಕೆ ಬಿನ್ನಿ ಮಿಲ್ ಇತ್ತು. 1884ರಲ್ಲಿ ಆರಂಭವಾದ ಆ ಗಿರಣಿಯ ಸೈರನ್ ಕೇಳಿ ಪೇಟೆಯ ಜನ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. 1948ರ ಕಾರ್ಖಾನೆಗಳ ಕಾಯ್ದೆಯನ್ನು ರಚಿಸಿದವರ ಕಣ್ಣ ಮುಂದೆ ಇದ್ದದ್ದು ಅಂತಹ ದೊಡ್ಡ ಗಿರಣಿ. ಮೂವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿಯಿರಬೇಕೆಂದು ಅದರ 48ನೇ ಕಲಂ ವಿಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ಮಹಿಳೆಯರ ತಲೆ ಎಣಿಸಿ ಹೊಣೆ ಹೊರಿಸಿದಾಗ, ಆ ಸಂಖ್ಯೆಯನ್ನು ಮೂವತ್ತರೊಳಗೆ ಇಟ್ಟುಕೊಂಡರೆ ಮಾಲಕನಿಗೆ ಲಾಭ ಎಂಬ ಸ್ಥಿತಿಯೂ ಹುಟ್ಟಿತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದು, ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನ ಸಹಿತ ರಜೆ ನೀಡಲಾಯಿತು. ಐವತ್ತು ಮಂದಿ ಉದ್ಯೋಗಿಗಳಿರುವ ಸಂಸ್ಥೆಯಲ್ಲಿ ಶಿಶುಪಾಲನಾ ವ್ಯವಸ್ಥೆ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಲು ಅವಕಾಶ ಕೊಡಬೇಕು ಎಂದೂ ಹೇಳಲಾಯಿತು. ತಂದೆ ಹೋಗಿ ನೋಡಬಹುದೆಂಬ ಯೋಚನೆ ಆ ಕಾನೂನಿಗೆ ಹೊಳೆಯಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಈ ಹಳೆಯ ಕಾಯ್ದೆಗಳ ಸ್ಥಾನವನ್ನು ತೆಗೆದುಕೊಂಡಿವೆ. ಅವು ಎಣಿಸುವುದು ಮಹಿಳೆಯರನ್ನಲ್ಲ, ಗಂಡು ಹೆಣ್ಣೆನ್ನದೆ ಐವತ್ತು ಕಾರ್ಮಿಕರನ್ನು. ಈ ಸಂಹಿತೆಗಳ ಹಲವು ಅಂಶಗಳ ಕುರಿತು ಕಾರ್ಮಿಕ ಸಂಘಟನೆಗಳಿಗಿರುವ ಆಕ್ಷೇಪಗಳು ನ್ಯಾಯವಾದವು. ಈ ಒಂದು ಬದಲಾವಣೆಯನ್ನು ಮಾತ್ರ ಪೂರ್ತಿ ತಳ್ಳಿಹಾಕಲಾಗದು.

ಆದರೆ ಪೇಟೆಗೆ ಇದರಿಂದ ಏನು ಬಂತು? ಬಿನ್ನಿ ಮಿಲ್ ಮುಚ್ಚಿ ಆ ಜಾಗದಲ್ಲಿ ವಸತಿ ಸಮುಚ್ಚಯಗಳು ಎದ್ದಿವೆ. ಇಂದು ಪೇಟೆಯ ದುಡಿಮೆಯಿರುವುದು ಐದಾರು ಮಂದಿಯ ಅಂಗಡಿಯಲ್ಲಿ, ಹತ್ತು ಹನ್ನೆರಡು ಮಂದಿಯ ವಸತಿಗೃಹದಲ್ಲಿ, ನಾಲ್ಕು ಯಂತ್ರಗಳ ಹೊಲಿಗೆ ಕೋಣೆಯಲ್ಲಿ. ಐವತ್ತರ ಗಡಿಯನ್ನು ಅವು ಎಂದೂ ಮುಟ್ಟುವುದಿಲ್ಲ. ಒಂದು ಬೀದಿಯಲ್ಲಿ ಸಾವಿರ ಮಂದಿ ದುಡಿದರೂ ಕಾನೂನಿನ ದೃಷ್ಟಿಯಲ್ಲಿ ಅದು ಇನ್ನೂರು ಅಂಗಡಿ, ಶಿಶುಪಾಲನಾ ಕೊಠಡಿ ಸೊನ್ನೆ. ಇನ್ನು ಮನೆಯಲ್ಲೇ ಊದುಬತ್ತಿ ಹೊಸೆಯುವ ತಾಯಿಯನ್ನು ಇಂತಹ ಯಾವ ಎಣಿಕೆಯೂ ತಲುಪುವುದಿಲ್ಲ.

ಸರಕಾರಗಳ ಯೋಜನೆಗಳೂ ಇದೇ ಬಿರುಕಿನ ಆಚೆ ಈಚೆ ನಿಂತಿವೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಅದರ ಮೊದಲ ನೆಲೆ ಮೈಸೂರು ಜಿಲ್ಲೆಯ ತಿ. ನರಸೀಪುರವಾಗಿತ್ತು. ಅರ್ಧ ಶತಮಾನದಲ್ಲಿ ಅಂಗನವಾಡಿಗಳು ಲಕ್ಷಾಂತರ ಮಕ್ಕಳ ಹಸಿವು ನೀಗಿಸಿವೆ, ಅದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಅಲ್ಲಿ ಕುಳಿತು ಕಲಿಯುವುದು ಮೂರು ವರ್ಷ ತುಂಬಿದ ಮಕ್ಕಳು, ಅದೂ ಸಂಜೆಯ ಮೊದಲೇ ಮನೆಗೆ ಮರಳುವ ಮಕ್ಕಳು. ಹೆರಿಗೆ ರಜೆ ಸಿಕ್ಕ ಭಾಗ್ಯಶಾಲಿಗೂ ಅದು ಮುಗಿಯುವುದು ಆರನೆಯ ತಿಂಗಳಿಗೆ. ಆರು ತಿಂಗಳಿಂದ ಮೂರು ವರ್ಷದವರೆಗೆ ಮಗು ಯಾರದ್ದು? ಕೇಂದ್ರದ ರಾಷ್ಟ್ರೀಯ ಶಿಶುಪಾಲನಾ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬದಿಂದ ಮಗುವೊಂದಕ್ಕೆ ತಿಂಗಳಿಗೆ 20 ರೂಪಾಯಿ ಶುಲ್ಕವೆಂದು ನಿಗದಿಯಾಗಿತ್ತು. ಯಾವ ಬಡವರಿಗೂ ಕೈಗೆಟಕುವ ಮೊತ್ತ. ಕೊರತೆಯಿದ್ದದ್ದು ಶುಲ್ಕದಲ್ಲಲ್ಲ, ಕೇಂದ್ರಗಳ ಸಂಖ್ಯೆಯಲ್ಲಿ. 2022ರಲ್ಲಿ ಅದು 'ಪಾಲನಾ' ಎಂಬ ಹೆಸರು ಪಡೆದು ಮಿಷನ್ ಶಕ್ತಿಯ ಭಾಗವಾಯಿತು. ಅಂಗನವಾಡಿಗಳಲ್ಲೇ ಶಿಶುಪಾಲನೆ ನಡೆಸುವ ಈ ಯೋಜನೆ ಇರಿಸಿಕೊಂಡ ಗುರಿ ಇಡೀ ದೇಶಕ್ಕೆ 17,000 ಕೇಂದ್ರಗಳು. ನಮ್ಮ ರಾಜ್ಯ ಸರಕಾರ 2023ರ ಬಜೆಟ್‌ನಲ್ಲಿ ನರೇಗಾ ಕೂಲಿಕಾರ್ಮಿಕ ಮಹಿಳೆಯರ ಮಕ್ಕಳಿಗಾಗಿ 4,000 'ಕೂಸಿನ ಮನೆ'ಗಳನ್ನು ಘೋಷಿಸಿತು. ಹೆಸರೇ ಮನಸ್ಸಿಗೆ ಮುದ ನೀಡುತ್ತದೆ. ಆದರೆ ಅವು ಗ್ರಾಮ ಪಂಚಾಯತಿಗಳಿಗೆ ಮೀಸಲು. ನಗರದ ಕೂಸಿಗೆ ಮನೆ ಬೇಡವೇ? ಅದೇ ವರ್ಷದ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಮಹಿಳೆಯರಿಗೆ ಬಸ್ಸಿನ ಬಾಗಿಲು ತೆರೆಯಿತು. ಅದೊಂದು ದೊಡ್ಡ ಹೆಜ್ಜೆಯೆಂದು ನಾವು ಆಗಲೂ ಹೇಳಿದ್ದೆವು, ಈಗಲೂ ಹೇಳುತ್ತೇವೆ. ತಾಯಿಯನ್ನು ಮೆಜೆಸ್ಟಿಕ್‌ವರೆಗೆ ತಲುಪಿಸಿದ ಸರಕಾರ ಮಗುವಿನ ವಿಷಯವನ್ನು ಮರೆತುಬಿಟ್ಟದ್ದು ಮಾತ್ರ ಸೋಜಿಗ.

ಇನ್ನು, ಮುಸ್ಲಿಂ ಮಹಿಳೆಯರ ವಿಮೋಚನೆಗೆ ಟೊಂಕಕಟ್ಟಿ ನಿಂತವರ ಬಗ್ಗೆಯೂ ಒಂದು ಮಾತು. 2019ರಲ್ಲಿ ತ್ರಿವಳಿ ತಲಾಕ್ ಕಾನೂನು ತಂದಾಗ ಆಕೆಯ ಹೆಸರು ಬಂತು. 2022ರಲ್ಲಿ ಕರ್ನಾಟಕದ ತರಗತಿಗಳಿಂದ ಹಿಜಾಬ್‌ಧಾರಿ ಹುಡುಗಿಯರನ್ನು ಹೊರಗಿಟ್ಟಾಗಲೂ ಆಕೆಯ ಪ್ರಗತಿಯ ಹೆಸರು ಬಂತು. 2025ರಲ್ಲಿ ವಕ್ಫ್ ತಿದ್ದುಪಡಿ ಕಾಯ್ದೆಗೂ ಆಕೆಯ ಹಿತವೇ ಸಮರ್ಥನೆಯಾಯಿತು. ಆಕೆಯ ಮಗುವಿಗೆ ಒಂದು ತೊಟ್ಟಿಲು ಬೇಕೆಂದು ಈ ಹಿತೈಷಿಗಳಲ್ಲಿ ಯಾರೂ ಸಂಸತ್ತಿನಲ್ಲಿ ಗುಡುಗಿದ್ದು ನಮಗಂತೂ ನೆನಪಿಲ್ಲ.

ಆದರೆ ಅವರನ್ನು ದೂರುತ್ತಾ ಕುಳಿತರೆ ನಮ್ಮ ಹೊಣೆ ಮುಗಿಯುವುದಿಲ್ಲ. ಈ ವಿಷಯದಲ್ಲಿ ನಮಗಿರುವ ಮಾರ್ಗದರ್ಶನ ಎಷ್ಟು ಸ್ಪಷ್ಟವಾಗಿದೆಯೆಂಬುದನ್ನು ನಾವೇ ಮರೆತಿದ್ದೇವೆ. ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದ 233ನೇ ಸೂಕ್ತ ಎರಡು ವರ್ಷಗಳ ಸ್ತನ್ಯಪಾನದ ಕುರಿತು ಹೇಳುತ್ತಲೇ ತಾಯಿಯ ಅನ್ನ ವಸ್ತ್ರಗಳ ಹೊಣೆಯನ್ನು ತಂದೆಯ ಮೇಲೆ ಹೊರಿಸುತ್ತದೆ. ಮಗುವಿನ ಕಾರಣದಿಂದ ತಾಯಿಯೂ ಕಷ್ಟಕ್ಕೆ ಗುರಿಯಾಗಬಾರದು, ತಂದೆಯೂ ಗುರಿಯಾಗಬಾರದು ಎನ್ನುತ್ತದೆ. ಇಬ್ಬರೂ ಸಮಾಲೋಚಿಸಿ ತೀರ್ಮಾನಿಸಬೇಕೆನ್ನುತ್ತದೆ. ಇನ್ನೊಬ್ಬ ಮಹಿಳೆಯಿಂದ ಹಾಲುಣಿಸುವುದಾದರೆ ಒಪ್ಪಿಕೊಂಡ ಪ್ರತಿಫಲವನ್ನು ನ್ಯಾಯವಾಗಿ ನೀಡಬೇಕೆಂದು ಷರತ್ತು ವಿಧಿಸುತ್ತದೆ. ಅತ್ತಲಾಕ್ ಅಧ್ಯಾಯದ 6ನೇ ಸೂಕ್ತ ಇನ್ನೂ ಮುಂದೆ ಹೋಗಿ, ವಿಚ್ಛೇದಿತ ತಾಯಿ ತನ್ನದೇ ಮಗುವಿಗೆ ಹಾಲುಣಿಸಿದರೂ ಆಕೆಗೆ ವೇತನ ಕೊಡಬೇಕೆನ್ನುತ್ತದೆ. ಮಗುವಿನ ಪಾಲನೆ ಬೆಲೆಯುಳ್ಳ ದುಡಿಮೆ ಎಂದು ಹದಿನಾಲ್ಕು ಶತಮಾನಗಳ ಹಿಂದೆಯೇ ಸಾರಿದ ಗ್ರಂಥದ ಅನುಯಾಯಿಗಳು ನಾವು. ಆದರೂ ನಮ್ಮ ಮೊಹಲ್ಲಾಗಳಲ್ಲಿ ಅದು ಪುಕ್ಕಟೆಯ ಕೆಲಸ, ಅದೂ ಹೆಣ್ಣುಮಕ್ಕಳ ಪಾಲಿನ ಕೆಲಸ.

ದ್ವಿತೀಯ ಖಲೀಫಾ ಉಮರ್(ರ)ರ ಕಾಲದ ಪ್ರಸಿದ್ಧ ಘಟನೆಯೊಂದಿದೆ. ಮದೀನಾಕ್ಕೆ ಬಂದು ತಂಗಿದ್ದ ವರ್ತಕರ ತಂಡವನ್ನು ಕಾಯಲು ರಾತ್ರಿ ಹೊರಟಿದ್ದ ಅವರಿಗೆ ಮಗುವೊಂದು ಎಡೆಬಿಡದೆ ಅಳುವುದು ಕೇಳಿಸಿತು. ಎರಡು ಮೂರು ಬಾರಿ ಹೋಗಿ ತಾಯಿಯನ್ನು ಎಚ್ಚರಿಸಿದರು. ಎದುರಿಗಿರುವವರು ಖಲೀಫಾ ಎಂದರಿಯದ ಆಕೆ, ಮಗುವಿಗೆ ಹಾಲು ಬಿಡಿಸುತ್ತಿದ್ದೇನೆ, ಏಕೆಂದರೆ ಉಮರರು ಭತ್ತೆ ಕೊಡುವುದು ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಎಂದಳು. ಮರುದಿನ ಫಜ್ರ್ ನಮಾಝಿನಲ್ಲಿ ಖಲೀಫಾರ ಕುರ್‌ಆನ್ ಪಾರಾಯಣ ಅಳುವಿನ ನಡುವೆ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲವಂತೆ. ಹುಟ್ಟಿದ ದಿನದಿಂದಲೇ ಪ್ರತಿ ಮಗುವಿಗೂ ಭತ್ತೆ ಎಂಬ ಆದೇಶ ಅಂದೇ ಹೊರಟಿತು. ಈ ಘಟನೆಯನ್ನು ನಾವು ಉಮರರ ದೈವಭಯಕ್ಕೆ ನಿದರ್ಶನವಾಗಿ ಪ್ರವಚನಗಳಲ್ಲಿ ಕೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಅದು ಆಡಳಿತದ ಪಾಠವೂ ಹೌದು. ನಿಯಮದಲ್ಲಿರುವ ಒಂದು ಸಣ್ಣ ಅಂತರ ತಾಯಿಯನ್ನು ಮಗುವಿಗೆ ಕ್ರೂರಿಯಾಗುವಂತೆ ಒತ್ತಾಯಿಸಬಲ್ಲುದು. ಆಗ ತಿದ್ದಬೇಕಾದದ್ದು ತಾಯಿಯನ್ನಲ್ಲ, ನಿಯಮವನ್ನು.

ತಾಯಿ ಮನೆಯಲ್ಲಿದ್ದರೆ ಮಾತ್ರ ಮಗುವಿಗೆ ತರ್ಬಿಯತ್ ದೊರೆಯುತ್ತದೆ, ಬಾಡಿಗೆಯ ಕೈಗಳಲ್ಲಿ ಮಗು ಕೆಡುತ್ತದೆ ಎಂದು ಆಕ್ಷೇಪಿಸುವವರು ನಮ್ಮಲ್ಲಿದ್ದಾರೆ. ಅವರ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಳೆಯ ಮಗುವಿಗೆ ತಾಯಿಯ ಸಾಮೀಪ್ಯಕ್ಕೆ ಬದಲಿಯಿಲ್ಲ. ಆದರೆ ಪ್ರವಾದಿ(ಸ)ರು ಸ್ವತಃ ಹಲೀಮಾ ಸಅದಿಯಾರ ಮಡಿಲಲ್ಲಿ ಬೆಳೆದವರೆಂಬುದನ್ನು ಮರೆಯಬಾರದು. ಅದಿರಲಿ, ಪೇಟೆಗೆ ಧಾವಿಸುವ ಮಹಿಳೆಯರಲ್ಲಿ ವಿಧವೆಯರಿದ್ದಾರೆ, ಗಂಡ ಬಿಟ್ಟುಹೋದವರಿದ್ದಾರೆ, ಆಟೋ ಓಡಿಸುವ ಗಂಡನ ಗಳಿಕೆ ಬಾಡಿಗೆಗೇ ಸಾಲದವರಿದ್ದಾರೆ. ಅವರ ಮುಂದೆ ಮನೆಯಲ್ಲಿರುವ ತಾಯಿ ಮತ್ತು ದುಡಿಯುವ ತಾಯಿ ಎಂಬ ಎರಡು ಆಯ್ಕೆಗಳಿಲ್ಲ. ಇರುವ ಆಯ್ಕೆಗಳು ಬೇರೆ: ಮಗು ಸುರಕ್ಷಿತ ಕೈಗಳಲ್ಲಿರಬೇಕೋ, ಬೀಗ ಹಾಕಿದ ಮನೆಯಲ್ಲಿ ಹನ್ನೊಂದರ ಅಕ್ಕನ ಜೊತೆಗಿರಬೇಕೋ? ತರ್ಬಿಯತ್ತಿನ ಬಗ್ಗೆ ಮಾತನಾಡುವವರು ಆ ಅಕ್ಕನ ತರ್ಬಿಯತ್ತಿಗೂ ಉತ್ತರ ಹೇಳಬೇಕು.

ಹಾಗಾದರೆ ಏನು ಮಾಡಬಹುದು? ನೂತನ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಷ್ಟಾಗಿ ಯಾರ ಗಮನಕ್ಕೂ ಬಾರದ ಒಂದು ಅವಕಾಶವಿದೆ. ಹಲವು ಸಂಸ್ಥೆಗಳು ಸೇರಿ ಹಣ ಹಾಕಿ ಸಾಮೂಹಿಕ ಶಿಶುಪಾಲನಾ ಕೇಂದ್ರ ನಡೆಸಬಹುದು. ಪಾಲಿಕೆಯದೋ ಸ್ವಯಂಸೇವಾ ಸಂಘದ್ದೋ ಕೇಂದ್ರವನ್ನು ಬಳಸಿಕೊಳ್ಳಲೂಬಹುದು. ಐವತ್ತರ ಗಡಿಯೊಳಗಿನ ಪೇಟೆಯ ಅಂಗಡಿಗಳಿಗೆ ಇದು ಕಡ್ಡಾಯವಲ್ಲ, ಆದರೆ ದಾರಿ ತೋರಿಸುತ್ತದೆ. ಒಂದು ಬೀದಿಯ ಇನ್ನೂರು ಅಂಗಡಿಗಳು ದಿನಕ್ಕೆ ಹತ್ತು ರೂಪಾಯಿ ಎತ್ತಿಟ್ಟರೆ ತಿಂಗಳಿಗೆ ಅರುವತ್ತು ಸಾವಿರ ರೂಪಾಯಿ. ಒಂದು ಕಪ್ ಚಹಾದ ಬೆಲೆ. ಈ ಪೇಟೆಗಳಲ್ಲಿ ನಮ್ಮ ವ್ಯಾಪಾರಿಗಳು ಕಡಿಮೆಯೇನಿಲ್ಲ.

ಜಾಗದ ಪ್ರಶ್ನೆ ಬರುತ್ತದೆ. ಮದ್ರಸಗಳ ಕೊಠಡಿಗಳು ಬೆಳಗ್ಗೆ ಮತ್ತು ಸಂಜೆ ತುಂಬಿರುತ್ತವೆ. ನಡುವಿನ ಹೊತ್ತು ಅವುಗಳಲ್ಲಿ ಎಷ್ಟೋ ಕೊಠಡಿಗಳಿಗೆ ಬೀಗ. ಕೆಳ ಅಂತಸ್ತಿನ ಮಳಿಗೆಗಳನ್ನು ಬಾಡಿಗೆಗೆ ಕೊಟ್ಟಿರುವ ಮಸೀದಿಗಳು ಮೇಲಿನ ಒಂದು ಕೋಣೆಯನ್ನು ಮಕ್ಕಳಿಗೆ ಕೊಟ್ಟರೆ ವಕ್ಫ್‌ನ ಉದ್ದೇಶಕ್ಕೆ ಧಕ್ಕೆಯಾಗುವುದಿಲ್ಲ, ಅದು ಈಡೇರುತ್ತದೆ. ಮಕ್ಕಳ ಗಲಾಟೆಯಿಂದ ನಮಾಝಿಗೆ ಅಡ್ಡಿಯಾಗುತ್ತದೆ ಎನ್ನುವ ಸಮಿತಿ ಸದಸ್ಯರಿಗೆ, ಮಗುವಿನ ಅಳು ಕೇಳಿ ತಾಯಿಯ ಮನಸ್ಸು ನೋಯದಿರಲೆಂದು ಪ್ರವಾದಿ(ಸ)ರು ನಮಾಝನ್ನೇ ಚುಟುಕುಗೊಳಿಸುತ್ತಿದ್ದರೆಂಬ ಹದೀಸನ್ನು ನೆನಪಿಸಬೇಕು. ಅವರು ಮಗುವನ್ನು ಹೊರಗೆ ಕಳುಹಿಸಲಿಲ್ಲ.

ಝಕಾತ್‌ನ ಹಣ ಬಳಸಬಹುದೇ? ಇಲ್ಲಿ ಎಚ್ಚರ ಬೇಕು. ಝಕಾತ್ ಅರ್ಹನ ಕೈಗೆ ಸೇರಿ ಅವನ ಸೊತ್ತಾಗಬೇಕೆಂಬುದು ಹನಫಿ ವಿದ್ವಾಂಸರ ನಿಲುವು. ಆದ್ದರಿಂದ ಕಟ್ಟಡಕ್ಕೆ, ಬಣ್ಣಕ್ಕೆ, ಉದ್ಘಾಟನೆಯ ಶಾಮಿಯಾನಕ್ಕೆ ಅದನ್ನು ಸುರಿಯುವಂತಿಲ್ಲ. ಆದರೆ ಬಡ ತಾಯಿಯ ಕೈಗೆ ಪ್ರತಿ ತಿಂಗಳು ಝಕಾತ್ ಕೊಟ್ಟು, ಆಕೆ ತನ್ನ ಶುಲ್ಕವನ್ನು ತಾನೇ ಕಟ್ಟುವಂತೆ ಮಾಡಬಹುದು. ರಮಝಾನಿನಲ್ಲಿ ಒಂದು ಸೀರೆ, ಒಂದು ಕಿಟ್ ಹಂಚಿ ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಶುಲ್ಕ ಕಟ್ಟಿದ ತಾಯಿ ಕೇಂದ್ರದಲ್ಲಿ ಪ್ರಶ್ನೆ ಕೇಳುತ್ತಾಳೆ. ದಾನ ಪಡೆದವಳು ಕೇಳಲಾರಳು.

ಇದೇನೂ ಹಗಲುಗನಸಲ್ಲ. 1969ರಲ್ಲಿ ದಿಲ್ಲಿಯ ರಾಜಘಾಟ್ ಬಳಿ ಗಾಂಧಿ ಶತಮಾನೋತ್ಸವದ ಕಾಮಗಾರಿ ನಡೆಯುತ್ತಿದ್ದಲ್ಲಿ, ಬಿಸಿಲಲ್ಲಿ ಮಲಗಿದ್ದ ಕೂಲಿಗಳ ಮಕ್ಕಳನ್ನು ಕಂಡ ಮೀರಾ ಮಹಾದೇವನ್ ಒಂದು ಡೇರೆಯಲ್ಲಿ ಮೊಬೈಲ್ ಕ್ರೆಷಸ್ ಆರಂಭಿಸಿದರು. ಅಹಮದಾಬಾದಿನಲ್ಲಿ ಇಳಾ ಭಟ್ ಕಟ್ಟಿದ ಸೇವಾ ಸಂಘಟನೆಯ ಮಹಿಳೆಯರು ಸಹಕಾರಿ ತತ್ವದಲ್ಲಿ ಶಿಶುಪಾಲನಾ ಕೇಂದ್ರಗಳನ್ನು ನಡೆಸುತ್ತಾ ಬಂದಿದ್ದಾರೆ. ನೋಡಿಕೊಳ್ಳುವವರೇ ಅಲ್ಲಿ ಪಾಲುದಾರರು. ಇದು ಮುಖ್ಯ. ಏಕೆಂದರೆ ತಾಯಂದಿರಿಗೆ ಅಗ್ಗವಾಗಬೇಕೆಂದು ಮಗು ನೋಡಿಕೊಳ್ಳುವ ಇನ್ನೊಬ್ಬ ಬಡ ಹೆಣ್ಣುಮಗಳಿಗೆ ಪುಡಿಗಾಸು ಕೊಟ್ಟರೆ ನಾವು ಮಾಡಿದ್ದೇನು? ಉಪ್ಪಾರಪೇಟೆಗೆ ಸಮೀಪದ ಫ್ರೀಡಂ ಪಾರ್ಕಿನಲ್ಲಿ 2017ರಲ್ಲೂ 2023ರಲ್ಲೂ ಅಂಗನವಾಡಿ ಕಾರ್ಯಕರ್ತೆಯರು ಹಗಲಿರುಳು ಧರಣಿ ಕುಳಿತದ್ದು ಇಂತಹ 'ಗೌರವಧನ'ದ ವಿರುದ್ಧವೇ. ಅವರು ಗ್ರ್ಯಾಚುಯಿಟಿಗೆ ಅರ್ಹರೆಂದು ಸುಪ್ರೀಂ ಕೋರ್ಟ್ ಹೇಳಲು 2022 ಬರಬೇಕಾಯಿತು.

ಕೇಂದ್ರ ಮುಸ್ಲಿಂ ಮಕ್ಕಳಿಗಷ್ಟೇ ಎಂದು ಯಾರಾದರೂ ಹೇಳುವುದಾದರೆ ಆರಂಭಿಸದಿರುವುದೇ ಲೇಸು. ಬೆಂಗಳೂರಿನ ಕರಗ ಪ್ರತಿ ವರ್ಷ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದೇ ಮುಂದೆ ಸಾಗುವ ಪೇಟೆಯಿದು. ಸೀರೆ ಅಂಗಡಿಯಲ್ಲಿ ಪಕ್ಕಪಕ್ಕ ನಿಂತು ದುಡಿಯುವವರ ಮಕ್ಕಳು ಪಕ್ಕಪಕ್ಕ ಮಲಗಲಿ. ಮನೆಯಲ್ಲಿ ಉರ್ದು ಕೇಳುವ ಮಗು ಅಲ್ಲಿ ಕನ್ನಡ ಕೇಳಿಸಿಕೊಂಡರೆ ಒಂದನೇ ತರಗತಿಯಲ್ಲಿ ಬೆಪ್ಪಾಗಿ ಕೂರಬೇಕಾಗಿಲ್ಲ.

ಸರಕಾರದಿಂದ ಕೇಳಬೇಕಾದದ್ದನ್ನು ಕೇಳುತ್ತಲೇ ಇರಬೇಕು. 2002ರ ತಿದ್ದುಪಡಿಯ ಬಳಿಕ ಸಂವಿಧಾನದ 45ನೇ ವಿಧಿ ಆರು ವರ್ಷದವರೆಗಿನ ಎಲ್ಲ ಮಕ್ಕಳ ಪಾಲನೆಗೆ ರಾಜ್ಯ ಯತ್ನಿಸಬೇಕೆನ್ನುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ನಗರ ಪಾಲಿಕೆಗಳಾಗಿ ವಿಂಗಡಣೆಯಾಯಿತು. ಮತ ಕೇಳಲು ಬರುವವರ ಮುಂದೆ, ನಗರಕ್ಕೂ ಕೂಸಿನ ಮನೆ ಬೇಕು ಎಂಬ ಬೇಡಿಕೆಯನ್ನು ಚರಂಡಿ ಮತ್ತು ಬೀದಿದೀಪಗಳ ಪಟ್ಟಿಯ ಮೇಲ್ಗಡೆ ಇಡಲು ಮೊಹಲ್ಲಾ ಸಮಿತಿಗಳಿಗೆ ಯಾವ ಅಡ್ಡಿಯೂ ಇಲ್ಲ.

ಅಲ್ಲಿಯವರೆಗೆ ಒಂದು ಕೋಣೆ, ಹತ್ತು ಮಕ್ಕಳು, ಸರಿಯಾದ ಸಂಬಳ ಪಡೆಯುವ ಇಬ್ಬರು ಮಹಿಳೆಯರು. ಒಂದು ಮಸೀದಿಯ ಸಮಿತಿ ಮುಂದಿನ ರಮಝಾನಿಗೆ ಮೊದಲು ಇಷ್ಟನ್ನು ಆರಂಭಿಸಬಹುದು. ಒಂದು ವಿಷಯವನ್ನು ಮಾತ್ರ ಮೊದಲೇ ನಿರ್ಧರಿಸಿಕೊಳ್ಳಬೇಕು. ಪೇಟೆಯ ಅಂಗಡಿಗಳು ಬಾಗಿಲು ಹಾಕುವುದು ರಾತ್ರಿಯ ಹೊತ್ತಿಗೆ. ಕೊನೆಯ ಗಿರಾಕಿ ಹೋದ ಮೇಲೆ ಸೀರೆಗಳನ್ನು ಮಡಚಿಟ್ಟು ಆ ತಾಯಿ ಅಲ್ಲಿಗೆ ತಲುಪುವವರೆಗೆ ಕೋಣೆಯ ದೀಪ ಉರಿಯುತ್ತಿರಬೇಕು.